ಹೊಳೆವ್ವನ ಬ್ಯಾನಿ

ಹೊಳೆವ್ವ ಸುಳ್ಳು ಹೇಳುತ್ತಿದ್ದಳು. ಮೊಣಕಾಲು ಮಡಿಸಿ ಬಿಡಿಸುವಷ್ಟರಲ್ಲಿ ಡಾಕ್ಟರ್ ಋತುಜಾಗೆ ಅದು ಖಾತ್ರಿಯಾಯಿತು. ಹೋದ ವಾರ ಬಲಗಾಲು ಎಂದು ನರಳಿದ್ದ ಮುದುಕಿ ಈಗ ಎಡಗಾಲು ಚಾಚಿದ್ದಳು.

“ಇಲ್ಲಿ ನೋವದ ಏನ್ರಿ?”

“ಹೂಂನ್ರಿ. ಬಾಯಾರ, ನಿಮ್ಮ ಮನ್ಯಾಗ ಯಾರಿಗರೆ ಸಕ್ರಿ ಬ್ಯಾನಿ ಐತೇನ್ರಿ?”

“ನಮ್ಮನಿದ್ಯಾಕ? ನಿಮ್ಮ ಕಾಲಿಂದ ಹೇಳ್ರಿ.”

“ಸುಮ್ನ ಕೇಳಿದೆ. ಬಿ.ಪಿ.?”

“ಯಾರಿಗೂ ಇಲ್ಲ.”

“ಛಲೋ ಆತು,” ಎಂದು ಹೊಳೆವ್ವ ಮಂಚದಿಂದ ಹುಡುಗಿಯಂತೆ ಕೆಳಗೆ ಜಿಗಿದಳು. ಬಾಗಿಲು ದಾಟುವಾಗ ನೆನಪಾಗಿ ಒಂದಿಷ್ಟು ಕುಂಟಿದಳು.

ಹುಬ್ಬಳ್ಳಿ ಹತ್ತಿರ ಗಬ್ಬೂರ ಬೈಪಾಸಿನಿಂದ ಒಳಗೆ ಹೋದರೆ ಸಿಗುವ ಆ ಹಳ್ಳಿಯಲ್ಲಿ ಋತುಜಾ ದವಾಖಾನೆ ತೆರೆದು ಎರಡು ವರ್ಷವಾಗಿತ್ತು. ದಿನಾ ಮುಂಜಾನೆ ನವನಗರದಿಂದ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ನೀಲಕಂಠಪ್ಪ ರೈಲ್ವೆಯಿಂದ ನಿವೃತ್ತರು. ಹೆಂಡತಿ ತೀರಿಹೋದ ಮೇಲೆ ಮನೆಯ ಮೌನ ಅವರಿಗೆ ಆಗಿಬರಲಿಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ರೋಗಿಗಳಿಗೆ ನಂಬರ್ ಕೊಡುತ್ತಿದ್ದರು, ನಡುನಡುವೆ ಗಾಡಿ ತಪ್ಪಿದವರ ಕಥೆ ಹೇಳಿ ನಗಿಸುತ್ತಿದ್ದರು. ಬಂದ ಸಂಬಂಧಗಳನ್ನೆಲ್ಲ ಋತುಜಾ ತಿರುಗಿಸಿ ಕಳಿಸಿದ್ದೂ ಇದೇ ಕಾರಣಕ್ಕೆ. ತಾನು ಹೋದರೆ ಅಪ್ಪನಿಗೆ ಯಾರು?

ಹೊಳೆವ್ವ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಒಳಗೆ ಬರುತ್ತಿದ್ದಳು. “ನಂದೇನ ಅವಸರಿಲ್ಲ, ಆ ಕೂಸಿನ ತಾಯಿನ್ನ ಕಳಸ್ರಿ,” ಎಂದು ನಂಬರ್ ಬಿಟ್ಟುಕೊಟ್ಟು ಮಧ್ಯಾಹ್ನದವರೆಗೂ ಪಡಸಾಲೆಯಲ್ಲೇ ಕೂರುತ್ತಿದ್ದಳು. ಒಳಗೆ ಬಂದರೆ ಮತ್ತೆ ಪ್ರಶ್ನೆ. ಮನೆಯಲ್ಲಿ ಖಾರ ಎಷ್ಟು ತಿನ್ನುತ್ತೀರಿ? ರಾತ್ರಿ ರೊಟ್ಟಿಯೋ ಅನ್ನವೋ? ಗೊರಕೆ ಹೊಡೆಯುವವರು ಯಾರಾದರೂ ಇದ್ದಾರೆಯೇ?

ಕಾರಣ ಋತುಜಾಗೆ ಹೊಳೆದದ್ದು ಕಿಟಕಿಯಿಂದ. ಹೊಳೆವ್ವನ ಮೊಮ್ಮಗ ಫಕೀರೇಶ “ಸಾವಕಾಶ, ಆಯಿ,” ಎನ್ನುತ್ತ ಬೈಕಿನಿಂದ ಅಜ್ಜಿಯನ್ನು ಇಳಿಸುತ್ತಿದ್ದ. ಊರಿನ ಹಾಲಿನ ಡೇರಿ ಅವನದೇ. ಎತ್ತರದ ಆಳು, ನಕ್ಕರೆ ಕೆನ್ನೆಯಲ್ಲಿ ಗುಳಿ. ಇನ್ನೂ ಮದುವೆಯಾಗಿರಲಿಲ್ಲ.

ಮುದುಕಿ ಹೆಣ್ಣು ನೋಡುತ್ತಿದ್ದಾಳೆ! ಇಷ್ಟು ಸಲೀಸಾಗಿ ಋತುಜಾ ಯಾವ ರೋಗವನ್ನೂ ಪತ್ತೆ ಹಚ್ಚಿರಲಿಲ್ಲ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೈಕಿನ ಸದ್ದು ಕೇಳಿದರೆ ಸ್ಟೆತೊಸ್ಕೋಪಿನಲ್ಲಿ ಬಡಿಯುವ ಎದೆ ರೋಗಿಯದೋ ತನ್ನದೋ ತಿಳಿಯದಾಯಿತು. ಕೆಮ್ಮಿಗೆ ಬಂದ ರಾಜಬಿಗೆ ಮೂರನೇ ಸಲ ನಾಲಿಗೆ ಚಾಚಲು ಹೇಳಿದಾಗ ಅವಳು, “ಅದರಾಗ ಏನರ ಬರದೈತೇನ್ರಿ?” ಎಂದಳು. ಅಪ್ಪನೂ ಹುರುಪಿನಲ್ಲಿದ್ದರು, ಕಾರಿನಲ್ಲಿ ಹಾಡು ಗುನುಗುತ್ತಿದ್ದರು. ಹಳ್ಳಿಯ ಗಾಳಿ ಒಗ್ಗಿತು ಎಂದುಕೊಂಡಳು. ಬಿ.ಪಿ. ಮಾತ್ರ ತುಸು ಏರಿದಂತಿತ್ತು. ಉಪ್ಪಿನಕಾಯಿ ಬಂದ್ ಮಾಡಿಸಿದಳು.

ಅಪ್ಪ ಪೆನ್ಶನ್ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋದ ದಿನ ಹೊಳೆವ್ವ ಬಾಗಿಲಿಂದಲೇ ತಿರುಗಿದಳು.

“ಯಾಕ್ರಿ, ಕಾಲು ನೋವಿಲ್ಲೇನು?”

“ಹಿರ್ಯಾರು ಇಲ್ಲದಾಗ ಕುಂತು ಮಾತಾಡೂದು ಛಂದಲ್ರಿ ಬಾಯಾರ. ನಾಳೆ ಬರತೇನಿ.”

ಎಂಥ ಸಂಪ್ರದಾಯಸ್ಥ ಮನೆತನ ಎಂದು ಋತುಜಾ ಮೆಚ್ಚಿದಳು.

ಅದೇ ವಾರ ಫಕೀರೇಶ ಒಳಗೆ ಬಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ ನಿಂತ.

“ನಮ್ಮ ಮನ್ಯಾಗ ಎಲ್ಲಾರೂ ಒಪ್ಪ್ಯಾರ್ರಿ. ನಿಮ್ಮದೊಂದ ಚಿಂತಿ.”

“ನನ್ನ ಚಿಂತಿ ಮಾಡಬ್ಯಾಡ್ರಿ,” ಎಂದಳು ಋತುಜಾ. ಮುಖ ಕೆಂಪಾಗಿದ್ದು ಕಾಣದಿರಲೆಂದು ಬಗ್ಗಿ ಸಿರಿಂಜ್ ಡಬ್ಬಿ ಹುಡುಕಿದಳು. ಡಬ್ಬಿ ಮೇಜಿನ ಮೇಲೆಯೇ ಇತ್ತು.

“ಹಂಗಾರ ಐತ್ವಾರ ಬರತೇವ್ರಿ,” ಎಂದು ಗುಳಿ ಬೀಳುವಂತೆ ನಕ್ಕು ಹೋದ.

ಐತ್ವಾರ ನವನಗರದ ಮನೆ ತುಂಬಿತು. ಹೊಳೆವ್ವ ಇಳಕಲ್ ಸೀರೆಯುಟ್ಟು ತಲೆ ತಗ್ಗಿಸಿ ಮೂಲೆಯಲ್ಲಿ ಕುಳಿತಳು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅಪ್ಪ ಕೂದಲಿಗೆ ಬಣ್ಣ ಹಚ್ಚಿದ್ದರು, ಮೂರು ಸಲ ನೀರು ಕುಡಿದರು. ಮಗಳನ್ನು ಕೊಡುವ ತಂದೆಯ ಸಂಕಟ ಎಂದುಕೊಂಡು ಋತುಜಾ ಇನ್ನೊಂದು ಲೋಟ ನೀರು ತಂದಿಟ್ಟಳು.

ಹೊಳೆವ್ವನ ಮಗ, ಫಕೀರೇಶನ ಅಪ್ಪ ಉಳವಪ್ಪ ಗಂಟಲು ಸರಿಮಾಡಿಕೊಂಡ. “ಎರಡೂ ಮನಿ ಕೂಡೂ ಮಾತ್ರಿ ಇದು. ಮಗಳು ಬ್ಯಾಡ ಅಂದ್ರ ಒಂದ ಹೆಜ್ಜಿನೂ ಮುಂದ ಇಡೂದಿಲ್ಲ ಅಂತ ನಿಮ್ಮ ಅಪ್ಪಾರು ಖಡಾಖಡಿ ಹೇಳ್ಯಾರ. ನೀವ ಹೇಳ್ರಿ.”

ಋತುಜಾ ಅಪ್ಪನ ಕಡೆ ತಿರುಗಿದಳು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ತಾನಾಗಿ ಬಂತು. “ಅಪ್ಪಾ, ನೀ ಒಬ್ಬನ ಆಗ್ತೀಯಲ್ಲ?”

“ಎಲ್ಲಿ ಒಬ್ಬನ ಆಗ್ತೇನವ್ವಾ?” ಎಂದರು ನೀಲಕಂಠಪ್ಪ. ಕಣ್ಣು ತುಂಬಿದ್ದವು, ಆದರೂ ನಗುತ್ತಿದ್ದರು.

ತನಗಾಗಿ ಎಷ್ಟು ಗಟ್ಟಿ ಮನಸ್ಸು ಮಾಡಿಕೊಂಡಿದ್ದಾರೆ! ಋತುಜಾ ಕಣ್ಣೊರೆಸಿಕೊಂಡಳು. “ನನ್ನ ಒಪ್ಪಿಗಿ ಅದ್ರಿ. ಪೂರಾ ಮನಸಿನಿಂದ.”

ಮನೆ ತುಂಬ ಗಲಗಲ ಎದ್ದಿತು. ಯಾರೋ ಪೇಢೆಯ ಡಬ್ಬಿ ಬಿಚ್ಚಿದರು. ಹೊಳೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫಕೀರೇಶ ಎದ್ದು ನೇರ ಋತುಜಾಳ ಬಳಿ ಬಂದ. ಅವಳು ಉಸಿರು ಹಿಡಿದು ನಿಂತಳು. ಅವನು ಬಗ್ಗಿ ಅವಳ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

“ದೊಡ್ಡ ಉಪಕಾರ ಆತ್ರಿ, ಅತ್ತಿ,” ಎಂದ. “ನಮ್ಮ ಆಯಿ ಈ ವಯಸ್ಸಿನ್ಯಾಗ ಲಗ್ನ ಆಗತೇನಿ ಅಂದಾಗ ನಮಗೇನೂ ಅನಿಸಲಿಲ್ಲ, ನಿಮ್ಮ ಅಪ್ಪಾರನ್ನ ನೀವು ಬಿಟ್ಟುಕೊಡತೀರೋ ಇಲ್ಲೋ ಅನ್ನೂದ ಒಂದ ಹೆದರಿಕಿ ಇತ್ತು!”