ಎಡಗಣ್ಣಿನ ಸರದಿ

“ಈ ಕಣ್ಣಿಗೆ ಲೇಸರ್ ಶಕ್ತಿ ಸ್ವಲ್ಪ ಕಡಿಮೆ ಇಡೋಣ,” ಎಂದು ಡಾಕ್ಟರು ನರ್ಸಿಗೆ ಮೆಲ್ಲಗೆ ಹೇಳಿದ್ದು ಮಂಚದ ಮೇಲಿದ್ದ ಹೆಂಗಸಿನ ಕಿವಿಗೆ ಬಿತ್ತು. ದೂರದ್ದು ಕಾಣದ ಅವಳ ಎರಡು ಕಣ್ಣುಗಳಲ್ಲಿ ಬಲಗಣ್ಣಿನ ಆಪರೇಷನ್ ಆಗಷ್ಟೇ ಮುಗಿದಿತ್ತು. ಅವಳು ಥಟ್ಟನೆ ಡಾಕ್ಟರ ಮಣಿಕಟ್ಟು ಹಿಡಿದುಕೊಂಡಳು.

“ಬಲಗಣ್ಣಲ್ಲಿ ಏನು ಎಡವಟ್ಟಾಯ್ತು?”

“ಎಡವಟ್ಟೇನಿಲ್ಲಮ್ಮ. ಲೇಸರ್ ಕೊಯ್ದ ತೆಳು ಪದರ ಬಿಡಿಸಿ ತೆಗೆಯುವಾಗ ಒಂಚೂರು ಅಂಟಿಕೊಳ್ತು. ಶಕ್ತಿ ಕಡಿಮೆ ಮಾಡಿದ್ರೆ ಸಲೀಸಾಗಿ ಬಿಡುತ್ತೆ ಅನ್ನೋದು ನನ್ನ ಅಂದಾಜು.”

“ಅಂದಾಜು ಇರಲಿ. ಹೀಗೆ ಎಷ್ಟು ಜನಕ್ಕೆ ಮಾಡಿದೀರಿ?”

ಮುಟ್ಟಿದ ಗ್ಲೌಸ್ ಬದಲಾಯಿಸಬೇಕೆಂದು ನರ್ಸ್ ಗೊಣಗಿದಳು. ಡಾಕ್ಟರು ಅದನ್ನು ಕಳಚತೊಡಗಿದರು. ಹೆಂಗಸು ಉತ್ತರಕ್ಕೆ ಕಾದಳು. ಅವಳದು ಹೊಲಿಗೆ ಕೆಲಸ. ತನಗೆ ಗೊತ್ತೇ ಇಲ್ಲದ ಮಾದರಿ ತಂದವರಿಗೂ ‘ಇಂಥವು ನೂರು ಹೊಲಿದಿದೀನಿ’ ಎಂದು ಕಣ್ಣು ಮಿಟುಕಿಸದೆ ಹೇಳಿದವಳು. ಡಾಕ್ಟರ ಬಾಯಲ್ಲೂ ನೂರು ಬಂದರೆ, ಒಂದೇ ಕಣ್ಣು ಮಾಡಿಸಿಕೊಂಡು ಎದ್ದು ಹೋಗಿಬಿಡುವುದೆಂದು ನಿಶ್ಚಯಿಸಿದಳು.

“ನಾಲ್ಕು ಜನಕ್ಕೆ,” ಎಂದರು ಡಾಕ್ಟರು. “ಮೂವರಿಗೆ ಸಲೀಸಾಯ್ತು. ಒಬ್ಬರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮನ್ನ ಮೊದಲೇ ಕೇಳಬೇಕಿತ್ತು, ತಪ್ಪು ನನ್ನದೇ. ಬೇಡ ಅಂದ್ರೆ ಮೊದಲಿನ ಥರಾನೇ ಮಾಡ್ತೀನಿ.”

ಅನುಮಾನ ಪೂರ್ತಿ ಹೋಗಲಿಲ್ಲ. ಆದರೂ ಅವಳು ತಲೆಯನ್ನು ದಿಂಬಿಗೆ ಒರಗಿಸಿದಳು.

“ಹೊಸ ಥರಾನೇ ಮಾಡಿ. ಆದ್ರೆ ಐದನೆಯವಳಿಗೆ ಹೇಗಾಯ್ತೋ ಹಾಗೇ ನನ್ನ ಫೈಲಲ್ಲಿ ಬರೀಬೇಕು. ನಾಳೆ ಬಂದು ಕಣ್ಣಾರೆ ಓದ್ತೀನಿ.”