ನುಸಿಯ ಬೆನ್ನಿನ ಕೂದಲು

ಮಡಿವಾಳಪ್ಪ ತೀರಿಕೊಂಡ ಸುದ್ದಿ ತಿಳಿದ ದಿನವೇ ಅವನ ಮನೆಗೆ ಹೋದೆ. ಮಿದುಳಿನಲ್ಲಿ ಗಡ್ಡೆ ಬೆಳೆದಿತ್ತಂತೆ. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಕಾಡಿನ ತರಗೆಲೆಯ ಅಡಿಯಲ್ಲಿ ಬದುಕುವ ನುಸಿಗಳನ್ನು ಕುರಿತು ನಾನು ಬರೆಯುತ್ತಿದ್ದ ಪುಸ್ತಕಕ್ಕೆ ಚಿತ್ರ ಬಿಡಿಸುತ್ತಿದ್ದವನು ಅವನು. ಪೆನ್ಸಿಲ್ಲಿನ ಚಿತ್ರವನ್ನು ನಾನು ಸೂಕ್ಷ್ಮದರ್ಶಕದಲ್ಲಿ ನುಸಿಯೊಂದಿಗೆ ಹೋಲಿಸಿ ಸಹಿ ಮಾಡಬೇಕು, ಆಮೇಲೆ ಅವನು ಮಸಿ ತುಂಬಬೇಕು. ಅದು ನಮ್ಮ ಪದ್ಧತಿ.

ಅವನ ಹೆಂಡತಿ ಒಂದು ಹಾಳೆ ತಂದು ನನ್ನ ಕೈಗಿಟ್ಟಳು.

“ಇದ ಕಡೀದು ನೋಡ್ರಿ ಸರ್. ಮಸಿ ತುಂಬೋದು ಹಂಗ ಉಳೀತು.”

ಆ ನುಸಿಗೆ ಕಣ್ಣಿಲ್ಲ. ಸುತ್ತಲಿನ ಸುಳಿವು ತಿಳಿಯಲು ಬೆನ್ನಿನ ಮುಂಭಾಗದಲ್ಲಿ ಎರಡೇ ಎರಡು ಉದ್ದ ಕೂದಲುಗಳಿರುತ್ತವೆ. ಚಿತ್ರದಲ್ಲಿ ನಾಲ್ಕಿದ್ದವು. ಕೆಳಗೆ ನನ್ನ ಸಹಿಯಿತ್ತು.

“ಎಲ್ಲಾ ಎರಡೆರಡು ಕಾಣತಾವ ಅಂತಿದ್ರು. ದವಾಖಾನಿಗೆ ಹೋಗೂಣು ನಡೀರಿ ಅಂತ ಹಠಾ ಹಿಡದೆ. ‘ಹುಚ್ಚಿ, ನನ್ನ ಕಣ್ಣು ಕೆಟ್ಟಿದ್ರ ಸರ್ ಸುಮ್ಮನ ಸಹಿ ಮಾಡತಿದ್ರೇನ?’ ಅಂತ ನಕ್ಕರು. ನಾನೂ ಸುಮ್ಮನಾಗಿಬಿಟ್ಟೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಸುಮ್ಮನಾಗಬಾರದಿತ್ತೇನೋ. ಆವಾಗ ಅವರ ಕಣ್ಣು ಛಲೋ ಇದ್ವಲ್ರಿ ಸರ್? ನೀವು ನೋಡಿದ್ರಲ್ಲ?”

“ಹೌದವ್ವಾ, ನೋಡಿದ್ದೆ” ಎಂದೆ.

ಶಿವನೇ, ಆ ಚಿತ್ರವನ್ನು ನಾನು ಕಣ್ಣಿಟ್ಟು ನೋಡಿದ್ದು ಅವತ್ತೇ ಮೊದಲು. ನನ್ನ ಸಹಿಯನ್ನು ನಂಬಿದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.