ಓದಿದ ಗುರುತು

ಒಂದನೇ ತರಗತಿಗೆಂದು ಬಂದಿದ್ದ ಚಿತ್ರಕಥೆಯ ಪುಸ್ತಕಗಳನ್ನು, ಮಕ್ಕಳು ಹರಿದಾರೆಂದು, ಮಾಸ್ತರರು ವರ್ಷವಿಡೀ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ತಪಾಸಣೆಗೆ ಸಾಹೇಬರು ಬರುವ ದಿನ ಬೆಳಿಗ್ಗೆ ತೆರೆದು ನೋಡಿದರೆ, ಮಡಿಕೆ ಬಿಚ್ಚದ ಮದುವೆ ಸೀರೆಯ ಹಾಗಿವೆ. ಓದಿಸಿಲ್ಲವೆಂದು ತಿಳಿದರೆ ಅಮಾನತು ತಪ್ಪಿದ್ದಲ್ಲ.

"ಮಣ್ಣಾಗ ಆಡಿ ಬಂದ ಕೈಲೇ ಹಿಡೀರಿ," ಎನ್ನುತ್ತ ಮಾಸ್ತರರು ಮಕ್ಕಳಿಗೆ ಪುಸ್ತಕ ಹಂಚಿದರು. "ಹಾಳಿ ತಿರುವ್ರಿ, ಜೋರಾಗಿ ತಿರುವ್ರಿ!"

ಮಧ್ಯಾಹ್ನ ಸಾಹೇಬರು ಒಂದನ್ನು ಬಿಡಿಸಿ ನೋಡಿ ನಕ್ಕರು. "ಮಸಿ ಅರಿವಿ ಆಗ್ಯಾವಲ್ರೀ ಮಾಸ್ತರ! ಭೇಷ್, ಹಿಂಗ ಓದಿಸ್ಬೇಕು." ಸಹಿ ಹಾಕಲು ಪೆನ್ನು ತೆಗೆದರು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಸರ, ನಾಳೇನೂ ಬರ್ತೀರೇನ್ರಿ? ಪುಸ್ತಕದಾಗಿನ ಕರಡಿ ಇನ್ನಾ ಗಿಡದ ಮ್ಯಾಲೇ ಐತಿ, ಹೆಂಗ ಇಳೀತೈತಿ ನೋಡೂದೈತ್ರಿ."